ದೇವರ ಮುಖ ಸವೆದ ವರಹ

ಹಳೆಯ ಚಿನ್ನದ ನಾಣ್ಯ ಕೈಗೆ ಬಂದ ಕೂಡಲೇ ಅದರ ಮುಖ ನೋಡಬೇಡಿ, ಅಂಚು ನೋಡಿ. ಮುಖ ಎಲ್ಲರಿಗೂ ಕಾಣುತ್ತದೆ. ಅಚ್ಚು ಕೆತ್ತಿದವನು ನಾಲ್ಕು ಜನ ನೋಡಲಿ ಎಂದೇ ಅದನ್ನು ಕೆತ್ತಿರುತ್ತಾನೆ. ಅಂಚಿನ ಮೇಲೆ ಯಾರಿಗೂ ಗಮನವಿರುವುದಿಲ್ಲ. ಯಾರು ಉಜ್ಜಿದರು, ಯಾರು ಬೆಸುಗೆ ಹಾಕಿ ಕೊಂಡಿ ಕೂರಿಸಿದರು, ಯಾರು ಅದನ್ನು ಕಿತ್ತರು ಎಂಬುದೆಲ್ಲ ಅಲ್ಲೇ ಉಳಿದಿರುತ್ತದೆ.

ಈ ಮಾತು ನನ್ನದಲ್ಲ. ವಸ್ತುಸಂಗ್ರಹಾಲಯವೊಂದರ ನಾಣ್ಯ ವಿಭಾಗಕ್ಕೆ ನಾನು ಸೇರಿದ ಹೊಸತರಲ್ಲಿ ನನ್ನ ಮೇಲಧಿಕಾರಿ ಶಾಮಣ್ಣನವರು ಹೇಳಿಕೊಟ್ಟದ್ದು. ಈಗ ನಿವೃತ್ತಳಾಗಿ ಕೆ.ಆರ್. ನಗರದ ಮನೆಯಲ್ಲಿ ಕೂತಿದ್ದೇನೆ. ಆದರೂ ವಾಟ್ಸಪ್ಪಿನಲ್ಲಿ ನಾಣ್ಯಗಳ ಫೋಟೊ ಬರುತ್ತಲೇ ಇರುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಕಳಿಸಿ, "ಮೇಡಂ, ಇದನ್ನು ಯಾವ ದರ್ಜೆಗೆ ಹಾಕಬಹುದು?" ಎಂದು ಕೇಳುತ್ತಾರೆ. ಚಿತ್ರ ಬಹಳ ಚೆನ್ನಾಗಿರುತ್ತದೆ, ಹಿಗ್ಗಿಸಿದರೆ ಕೂದಲೆಳೆಯಂಥ ಗೀರೂ ಕಾಣುತ್ತದೆ. ನನಗೆ ಮಾತ್ರ ಕೈ ಖಾಲಿ ಖಾಲಿ ಅನ್ನಿಸುತ್ತದೆ. ಫೋಟೊದೊಳಗಿನ ನಾಣ್ಯವನ್ನು ಬೆಳಕಿಗೆ ಓರೆ ಮಾಡಲು ಬರುವುದಿಲ್ಲ. ಹುಣಸೆಬೀಜದಷ್ಟು ಚಿಕ್ಕ ವರಹ ಅಂಗೈ ಮೇಲೆ ಬಿದ್ದಾಗ ಗಾತ್ರಕ್ಕೆ ಮೀರಿದ ಭಾರವೊಂದು ತಟ್ಟನೆ ತಿಳಿಯುತ್ತದಲ್ಲ, ಅದು ಫೋನಿನಲ್ಲಿ ಸಿಗುವುದಿಲ್ಲ. ಆ ಭಾರಕ್ಕಾಗಿ ಈಗಲೂ ನನ್ನ ಕೈ ಹಂಬಲಿಸುತ್ತದೆ. ಕೆಲಸ ನಿಜವಾಗಿ ಹೇಗಿತ್ತು ಎಂದು ಬರೆದುಕೊಡಿ ಎಂದು ಆ ಮಕ್ಕಳೇ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಯಾರದೋ ಪಾಯ ತೋಡುವಾಗಲೋ ಗದ್ದೆ ಮಟ್ಟ ಮಾಡುವಾಗಲೋ ನಾಣ್ಯ ಸಿಕ್ಕಿದರೆ ಅದು ತಾಲ್ಲೂಕು ಖಜಾನೆ ಸೇರುತ್ತಿತ್ತು. ನಮಗೆ ಕರೆ ಬರುತ್ತಿತ್ತು. ಹಳೆಯ ಜೀಪಿನಲ್ಲಿ ಹೋಗಿ, ಯಾವ ಕಾಲದ್ದು, ಎಷ್ಟು ಸವೆದಿದೆ, ಯಾವ ದರ್ಜೆ ಎಂದು ಬರೆದುಕೊಟ್ಟು ಬರುವುದು ನಮ್ಮ ಕೆಲಸ. ಹೇಳುವುದಕ್ಕೆ ಇಷ್ಟೇ.

ಆದರೆ ನಾವು ತಲಪುವಷ್ಟರಲ್ಲಿ ನಾಣ್ಯ ಹೇಗಿರುತ್ತಿತ್ತು ಎಂಬುದೇ ಬೇರೆ ಕಥೆ. ಹೊಸ ಅಗ್ರಹಾರದ ಹತ್ತಿರ ಒಂದು ಹಿತ್ತಲಲ್ಲಿ ನಾಣ್ಯದ ಕುಡಿಕೆ ಸಿಕ್ಕಿತ್ತು, ಖಜಾನೆಗೆ ಹೋಗುವ ಮೊದಲೇ ನಮಗೆ ಕರೆ ಬಂದಿತ್ತು. ಆ ಮನೆಯ ಹಿರಿಯ ಸೊಸೆ, ದೊಡ್ಡ ಆಫೀಸಿನವರು ಬರುತ್ತಾರೆ, ಕೊಳಕು ನಾಣ್ಯ ತೋರಿಸುವುದು ಹೇಗೆ ಎಂದುಕೊಂಡು ಅಷ್ಟನ್ನೂ ಹುಣಸೆಹಣ್ಣು, ಒಲೆ ಬೂದಿ ಹಾಕಿ ತಿಕ್ಕಿ, ತೊಳೆದು, ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಪಕ್ಕದಲ್ಲಿ ಹೂವೂ ಇಟ್ಟಿದ್ದಳು. ಫಳಫಳ ಹೊಳೆಯುತ್ತಿದ್ದವು. ನೂರಾರು ವರ್ಷ ಮಣ್ಣು ಜೋಪಾನ ಮಾಡಿದ್ದ ಮೈ ಒಂದು ಬೆಳಗಿನಲ್ಲಿ ಹೋಗಿಬಿಟ್ಟಿತ್ತು. ಶಾಮಣ್ಣನವರು ಲೆನ್ಸ್ ಹಿಡಿದು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಆಮೇಲೆ ತಲೆಯೆತ್ತಿ, "ಬಹಳ ಶುದ್ಧವಾಗಿ ತೊಳೆದಿದ್ದೀಯ ತಾಯಿ" ಎಂದರು. ಅವಳು ಸಂತೋಷದಿಂದ ಕಾಫಿ ತಂದುಕೊಟ್ಟಳು.

ಸವೆತ ಬೇರೆ, ಅಚ್ಚು ಸರಿಯಾಗಿ ಬೀಳದಿರುವುದು ಬೇರೆ ಎಂಬುದನ್ನೂ ಅವರೇ ಕಲಿಸಿದರು. ಎರಡರಲ್ಲೂ ಚಿತ್ರ ಮಸುಕಾಗಿರುತ್ತದೆ. ಓರೆ ಬೆಳಕಿಗೆ ಹಿಡಿದರೆ, ಸವೆದ ಚಿನ್ನ ನೀರಿನ ಹಾಗೆ ನುಣ್ಣಗೆ ಹೊಳೆಯುತ್ತದೆ. ಅಚ್ಚು ಬೀಳದ ಚಿನ್ನ ಕೆನೆ ಕಟ್ಟಿದ ಹಾಲಿನ ಹಾಗೆ ಮಂಕಾಗಿರುತ್ತದೆ. "ಒಂದು ಜನರ ಕೈ ಸೇರಿದ್ದು, ಇನ್ನೊಂದು ಹುಟ್ಟುವಾಗಲೇ ಹಾಗಿದ್ದದ್ದು. ಎರಡನ್ನೂ ಒಂದೇ ದರ್ಜೆಗೆ ಹಾಕಬೇಡಮ್ಮ" ಎನ್ನುತ್ತಿದ್ದರು. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಬರೆಯಬೇಕು, ಆದರೆ ಗೊತ್ತಾದದ್ದನ್ನು ತೊಂದರೆ ಯಾಕೆ ಎಂದು ಗೊತ್ತಾಗಲಿಲ್ಲ ಅನ್ನಬಾರದು ಎಂಬುದು ಅವರ ಇನ್ನೊಂದು ಮಾತು. ಅವರು ತೀರಿಕೊಂಡ ಮೇಲೆ ಆ ವಿಭಾಗದಲ್ಲಿ ನಾನು ಬಹಳ ವರ್ಷ ಒಬ್ಬಳೇ ಇದ್ದೆ. ವಿಶೇಷವಾದ ನಾಣ್ಯ ಕೈಗೆ ಬಂದಾಗಲೆಲ್ಲ ಪಕ್ಕಕ್ಕೆ ತಿರುಗಿ ತೋರಿಸಲು ಹೋಗುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಫೈಲುಗಳಿರುತ್ತಿದ್ದವು.

ನನ್ನ ನಿವೃತ್ತಿ ಹತ್ತಿರ ಬಂದಾಗ ಪಿರಿಯಾಪಟ್ಟಣಕ್ಕೆ ಹೋಗಬೇಕಾಯಿತು. ಮನೆಯ ಪಾಯಕ್ಕೆ ಜೆಸಿಬಿ ಹಚ್ಚಿದವರಿಗೆ ನಾಣ್ಯ ಸಿಕ್ಕಿದ್ದವು. ಖಜಾನೆಯಲ್ಲಿ ಅವನ್ನು ನೋಡಿ ಬರೆದು ಹೊರಗೆ ಬಂದಾಗ, ಅಂಗಳದ ಮರದ ಕೆಳಗೆ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ ಒಬ್ಬ ಹತ್ತಿರ ಬಂದ. ಹೆಸರು ಮಹದೇವ, ಕಂಪಲಾಪುರದವನು, ಹೊಗೆಸೊಪ್ಪು ಬೆಳೆಯುವವನು.

"ಮೇಡಮ್ಮೋರೆ, ನಮ್ ಮನೇಲೂ ಒಂದ್ ವರಹ ಅದೆ. ನಿಮ್ ಕಣ್ಣಿಗೆ ತೋರುಸ್ಬೇಕಿತ್ತು."

"ಮನೆಯ ನಾಣ್ಯಗಳಿಗೆ ನಾವು ಬೆಲೆ ಕಟ್ಟೋದಿಲ್ಲಪ್ಪ" ಎಂದೆ.

"ಬೆಲೆ ಬ್ಯಾಡಿ ಮೇಡಮ್. ಅದು ನಮ್ದಾ, ಅಲ್ವಾ, ಅಷ್ಟ್ ಯೋಳಿ ಸಾಕು."

ಇಂಥ ಪ್ರಶ್ನೆಯನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. ಹಿಂದಿರುಗುವ ದಾರಿಯಲ್ಲೇ ಕಂಪಲಾಪುರ. ಅವನು ಬೈಕನ್ನು ಅಲ್ಲೇ ಬಿಟ್ಟು ನಮ್ಮ ಜೀಪು ಹತ್ತಿದ. ದಾರಿಯುದ್ದಕ್ಕೂ ವಿಷಯ ಹೇಳಿದ.

ಅವನ ತಾಯಿ ಚಿಕ್ಕತಾಯಮ್ಮ. ಆಕೆಗೆ ಬಸವರಾಜು ಎಂಬ ಒಬ್ಬನೇ ತಮ್ಮ. ಚಿಕ್ಕತಾಯಮ್ಮ ಮಹದೇವನನ್ನು ಹೊತ್ತು ಹೆರಿಗೆಗೆಂದು ತವರಾದ ಕಂಪಲಾಪುರಕ್ಕೆ ಬಂದಿದ್ದ ಕಾಲ. ಹೊಗೆಸೊಪ್ಪು ಬೇಯಿಸುವ ಕೊಠಡಿಯಾದ ಬ್ಯಾರನ್ನಿನ ಉರಿ ನೋಡಿಕೊಳ್ಳಲು ಬಸವರಾಜುವನ್ನು ಕೂರಿಸಿದ್ದರು. ಹುಡುಗ ನಿದ್ದೆ ಹೋದ. ಉರಿ ಮೇಲೆದ್ದು ಸೊಪ್ಪಿಗೆ ಹತ್ತಿಕೊಂಡಿತು, ಬ್ಯಾರನ್ನು ಸೊಪ್ಪಿನ ಸಮೇತ ಬೂದಿಯಾಯಿತು. ಅಪ್ಪ ಅವನನ್ನು ಊರ ಜನರ ಮುಂದೆಯೇ ಹೊಡೆದರು. ಮರುದಿನ ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ. ಶುಂಠಿ ಹಾಕಲು ಕೇರಳದಿಂದ ಬಂದಿದ್ದವರ ಲಾರಿ ಹತ್ತಿ ಹೋದ ಎಂದು ಯಾರೋ ಹೇಳಿದರು. ಅಷ್ಟೇ, ಮತ್ತೆ ಸುದ್ದಿಯಿಲ್ಲ. ಅಪ್ಪನ ಕಾಲವಾದ ಮೇಲೆ ಜಮೀನು, ಮನೆ ಎಲ್ಲ ಚಿಕ್ಕತಾಯಮ್ಮನಿಗೆ ಬಂತು, ಆಕೆಯ ಸಂಸಾರ ಅಲ್ಲೇ ನೆಲೆಸಿತು. ಈಗ ಕೇರಳದ ಗಡಿ ಬಾವಲಿಯ ಆಚೆಯಿಂದ ಸಿಂಧು ಎಂಬ ಹುಡುಗಿ ಬಂದಿದ್ದಾಳೆ. ನಾನು ಬಸವರಾಜು ಮಗಳು, ಅಪ್ಪ ತೀರಿಹೋದ, ಇದನ್ನು ಅಕ್ಕನಿಗೆ ಮುಟ್ಟಿಸು ಅಂದಿದ್ದ ಎಂದು ಒಂದು ವರಹ ತಂದಿದ್ದಾಳೆ.

"ನಮ್ಮವ್ವನ ಕಾಸಿನ ಸರದಾಗಿನ್ ಒಂದ್ ವರಹ ಆವಾಗ್ಲೆ ಕಳ್ದೋಗಿತ್ತು ಮೇಡಮ್. ಕೆರೆ ತಾವ್ ಬಿದ್ದೋಯ್ತು ಅಂತ ನಮ್ಮವ್ವನೇ ಯೋಳಿತ್ತು. ನಮ್ಮಪ್ಪ, ಅಜ್ಜಿ ಎಲ್ರೂ ಕೆಸರೆಲ್ಲ ಜಾಲಾಡವ್ರೆ. ಈಗ ಈ ಉಡ್ಗಿ ಬಂದ್ಮೇಲೆ, 'ಬಿದ್ದೋಗಿರ್ನಿಲ್ಲ ಕಣ್ಲಾ, ನಾನೇ ತಮ್ಮುಂಗೆ ಕೊಟ್ಟಿದ್ದು' ಅಂತದೆ. ವಯಸ್ಸಾಗದೆ, ತಮ್ಮುನ್ ಆಸೆ. ಯಾರೋ ಕೆರೇಲಿ ಸಿಕ್ಕಿದ್ನ ಇಟ್ಕಂಡು ಈ ಆಟ ಊಡವ್ರೆ ಅಂತ ನಂಗೆ ಅನುಮಾನ. ಜಮೀನ್ ಇಚಾರ ಅಲ್ವಾ." ಆಮೇಲೆ ನನ್ನ ಕಡೆ ತಿರುಗಿ, "ನೀವು ಸುಳ್ಳು ಯೋಳ್ಬ್ಯಾಡಿ. ಗೊತ್ತಾಗಕಿಲ್ಲ ಅಂತ ಅಂದ್ರೂ ಸಾಕು" ಎಂದ.

ಮನೆಯ ಜಗಲಿಯ ಒಂದು ತುದಿಯಲ್ಲಿ ಚಿಕ್ಕತಾಯಮ್ಮ ಕೂತಿದ್ದರು. ಸಣಕಲು ಮೈ, ನೆರೆತ ತಲೆ. ಇನ್ನೊಂದು ತುದಿಯಲ್ಲಿ ಸಿಂಧು ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು, ಯಾವ ಕ್ಷಣದಲ್ಲಾದರೂ ಎದ್ದು ಹೋಗಬೇಕಾದೀತು ಎನ್ನುವಂತೆ. ಮಾನಂದವಾಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ. ಇಬ್ಬರ ನಡುವೆ ಜಾಗ ಬಹಳವಿತ್ತು.

ಬಿಳಿ ಬಟ್ಟೆ ಹಾಸಿ, ಮೊದಲು ಚಿಕ್ಕತಾಯಮ್ಮನ ಸರ ಇಟ್ಟುಕೊಂಡೆ. ಮೈಸೂರು ಅರಸರ ಕಾಲದ ವರಹಗಳು. ಒಂದು ಕಡೆ ಕೂತ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿ ಅಕ್ಷರ. ಶಿವನ ತಲೆಗೆ ಸರಿಯಾಗಿ ಪುಟ್ಟ ಕೊಂಡಿ ಕೂರಿಸಿ ಪೋಣಿಸಿದ್ದರು. ದೇವರು ಹೊರಗೆ ಕಾಣುವಂತೆ, ಅಕ್ಷರ ಮೈಗೆ ತಾಗುವಂತೆ. ಅದಕ್ಕೇ ಅಕ್ಷರದ ಕಡೆ ನುಣ್ಣಗೆ ಸವೆದಿತ್ತು. ದೇವರ ಕಡೆ ಗೀರುಗಳಿದ್ದರೂ ಪಾರ್ವತಿಯ ಮೊಣಕಾಲು, ಶಿವನ ಕೈ ಚೆನ್ನಾಗಿ ಉಳಿದಿದ್ದವು. ಒಂದಕ್ಕೊಂದು ತಾಗಿ ತಾಗಿ ಪ್ರತಿ ವರಹದ ಎರಡು ಪಕ್ಕವೂ ಚೂರು ಚಪ್ಪಟೆಯಾಗಿತ್ತು.

ಆಮೇಲೆ ಸಿಂಧು ತಂದ ವರಹವನ್ನು ಕೈಗೆತ್ತಿಕೊಂಡು ಅಂಚು ತಿರುಗಿಸಿದೆ. ಅದರ ಕೊಂಡಿ ಬೇರೆ ಥರದ್ದು, ದಪ್ಪನೆಯದು, ಕೇರಳದ ಕೆಲಸ. ಆದರೆ ಅದರ ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ಹಳೆಯ ಕೊಂಡಿಯ ಮೋಟು ಇತ್ತು. ಬೆಸುಗೆಯ ಬಣ್ಣ ಸರದ ಬೆಸುಗೆಯದೇ. ಆ ಮೋಟನ್ನು ಮೇಲೆ ಮಾಡಿ ಹಿಡಿದರೆ ಶಿವನ ತಲೆ ನೆಟ್ಟಗೆ ಅದರ ಕೆಳಗೆ ಬರುತ್ತಿತ್ತು. ಎರಡು ಪಕ್ಕ ಚಪ್ಪಟೆಯಾದ ಗುರುತೂ ಸರಿಯಾದ ಜಾಗದಲ್ಲೇ ಇತ್ತು.

ಲೆನ್ಸಿನಲ್ಲಿ ಮೋಟಿನ ತುದಿಯನ್ನು ಬಹಳ ಹೊತ್ತು ನೋಡಿದೆ. ಸವೆದೋ ಎಳೆದೋ ಕಳಚಿಕೊಂಡ ಕೊಂಡಿಯ ತುದಿ ತೆಳ್ಳಗಾಗಿ ಎಳೆಯ ಹಾಗೆ ಚಾಚಿರುತ್ತದೆ. ಇದು ಹಾಗಿರಲಿಲ್ಲ. ಎರಡೂ ಕಡೆಯಿಂದ ಅದುಮಿ ಕತ್ತರಿಸಿದ ಗುರುತಿತ್ತು.

"ತಾಯಿ, ಇದನ್ನು ಸರದಿಂದ ಹೇಗೆ ತೆಗೆದಿರಿ?" ಎಂದು ಕೇಳಿದೆ.

"ಅಡ್ಕೆ ಕತ್ರೀಲಿ ಕಣವ್ವ" ಎಂದರು ಚಿಕ್ಕತಾಯಮ್ಮ. "ಇತ್ಲಲ್ಲಿ ನಿಂತಿದ್ದ. ಮೊಖ ಎಲ್ಲಾ ಊದ್ಕಂಡಿತ್ತು. ಕೈಗೆ ಸಿಕ್ಕುದ್ದು ಅಡ್ಕೆ ಕತ್ರಿ. ಕತ್ರುಸ್ಕೊಟ್ಟು, ಇದ್ನ ಮಾರ್ಕಂಡು ಮೊದ್ಲು ಒಟ್ಟೆಗೆ ಏನಾರ ತಿನ್ನು ಅಂದೆ."

ಮಹದೇವನ ಕಡೆ ತಿರುಗಿದೆ. ಗೊತ್ತಾಗುವುದಿಲ್ಲ ಎಂದು ಹೇಳಿ ಎದ್ದುಬಿಡುವುದು ಸುಲಭವಿತ್ತು. "ಈ ವರಹ ಈ ಸರದ್ದೇ. ಕೆರೆಯಲ್ಲಿ ಬಿದ್ದು ಹೋಗಿದ್ದಲ್ಲ, ಕತ್ತರಿಸಿ ತೆಗೆದದ್ದು. ನಿಮ್ಮ ತಾಯಿ ಹೇಳ್ತಿರೋದು ನಿಜ" ಎಂದೆ. ಆ ಮಾತು ಕೇಳಿ ಚಿಕ್ಕತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದಾಗ ಮಗನೇ ನಂಬಿರಲಿಲ್ಲವಲ್ಲ.

"ಸರಿ ಮೇಡಮ್, ವರಹ ನಮ್ದೇ ಅನ್ನಿ. ಈವಮ್ಮ ಅವನ್ ಮಗಳು ಅಂತ ಅದು ಯೋಳ್ತದಾ?"

"ಇಲ್ಲ, ಅದು ಹೇಳೋದಿಲ್ಲ. ನಾನೂ ಹೇಳಲಾರೆ."

ಮಹದೇವ ತಲೆಯಾಡಿಸಿದ. ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು. ಈ ವರಹದಲ್ಲಿ ಅಕ್ಷರದ ಕಡೆ ಸವೆತ ಸರದ ಉಳಿದವುಗಳಷ್ಟೇ ಇತ್ತು. ಸವೆದು ಹೋಗಿದ್ದು ದೇವರ ಕಡೆ. ಇಬ್ಬರು ಕೂತಿದ್ದಾರೆ ಎಂಬ ನೆರಳಷ್ಟೇ ಉಳಿದಿತ್ತು, ಮುಖ, ಕೈ ಯಾವುದೂ ಇಲ್ಲ. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದ ಸವೆತವಲ್ಲ ಅದು, ಮೈಗೆ ತಾಗಿ ತಾಗಿ ಆದದ್ದು, ವರ್ಷಗಟ್ಟಲೆ, ದಿನವೂ.

"ಇದನ್ನು ಯಾರು ಹಾಕಿಕೊಳ್ತಿದ್ದರಮ್ಮ?" ಎಂದು ಸಿಂಧುವನ್ನು ಕೇಳಿದೆ. "ಮಾರಿಯೇ ಇಲ್ಲ ಇದನ್ನ. ಯಾರೋ ದೇವರನ್ನ ಒಳಗಡೆಗೆ ತಿರುಗಿಸಿ ಬಹಳ ಕಾಲ ಹಾಕಿಕೊಂಡಿದ್ದಾರೆ."

ಅವಳು ಬೆಚ್ಚಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ನಮ್ಮಮ್ಮ. ಅಮ್ಮ ಕ್ರಿಸ್ತರೋರು. ಅಪ್ಪುನ್ ಮದ್ವೆ ಆಗಿದ್ದೇ ಅವ್ರ ಮನೇರಿಗೆ ಸೇರ್ನಿಲ್ಲ. ಇನ್ನ ಸಿವುನ್ ಕಾಸು ಆಕ್ಕಂಡವ್ಳೆ ಅಂದ್ರೆ ಬುಡ್ತಾರಾ? ಅದ್ಕೇ ದೇವ್ರ ಎದೆ ಕಡೀಕ್ ತಿರುಗ್ಸಿ ಕೊಂಡಿ ಆಕ್ಸಿದ್ಲು. ಎಲ್ರೂ ಅದ್ನ ಬರೀ ಅಕ್ಸರದ್ ಬಿಲ್ಲೆ ಅನ್ಕಂಡಿದ್ರು. ಅಪ್ಪುಂಗೆ ಕೆಲ್ಸ ಇಲ್ದಾಗೂ ಮಾರಾಕ್ ಬುಡ್ನಿಲ್ಲ. ಇದು ನಿಮ್ ಅಕ್ಕುಂದು, ನಮ್ದಲ್ಲ ಅನ್ನಾಳು. ಅಮ್ಮ ತೀರೋದ್ಮೇಲೆ ಅಪ್ಪ ತಲೆದಿಂಬಿನ ಕೆಳೀಕ್ ಮಡೀಕಂತಿದ್ದ."

ಸಿಂಧುವಿನ ದನಿಯಲ್ಲಿ ಮಲಯಾಳದ ಎಳೆತವಿತ್ತು. ಆದರೆ ಮಾತು ಮಾತ್ರ ಪೂರಾ ಕಂಪಲಾಪುರದ್ದು. ಈಗಿನ ಹುಡುಗರು ಆಡುವ ಮಾತೂ ಅಲ್ಲ, ಅವರ ಹಿಂದಿನ ತಲೆಮಾರಿನದು. ಮಹದೇವ ಅವಳ ಮುಖವನ್ನೇ ನೋಡುತ್ತಿದ್ದ.

"ನೀನು ಈ ಕಡೀಕೆ ಯಾವತ್ತಾರ ಬಂದಿದ್ದಾ?" ಎಂದು ಕೇಳಿದ.

"ಇಲ್ಲ."

"ಮತ್ತೆ ಈ ಮಾತು?"

"ಅಪ್ಪ ನನ್ ಜೊತೆ ಇಂಗೇ ಮಾತಾಡ್ತಿದ್ದ. ಬ್ಯಾರೆ ಯಾರ್ ಜೊತೆ ಆಡಾನು? ಈ ವರ್ಸ ಊರಿಗೋಗವ, ಈ ವರ್ಸ ಊರಿಗೋಗವ ಅನ್ನಾನು. ಸುಟ್ಟೋದ್ ಬ್ಯಾರನ್ನಿನ್ ಇಚಾರ ಮಾತ್ರ ಯೋಳಿ ಅಳಾನು."

ಮಹದೇವ ಎದ್ದು ಹೋಗಿ ಅಂಗಳದಲ್ಲಿ ಕಟ್ಟಿದ್ದ ಹಸುವಿನ ಹಗ್ಗವನ್ನು ಬಿಚ್ಚಿ, ಅದೇ ಗೂಟಕ್ಕೆ ಮತ್ತೆ ಕಟ್ಟಿದ.

ಚಿಕ್ಕತಾಯಮ್ಮ ಮಾತ್ರ ಈ ಮಾತುಗಳನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನಾನು ಮೊದಲು ಹೇಳಿದ ಒಂದು ಮಾತಿನಲ್ಲೇ ನಿಂತಿದ್ದರು.

"ಮಾರ್ನೇ ಇಲ್ಲ ಅಂದ್ರಲ್ಲವ್ವ ನೀವು."

"ಇಲ್ಲ ತಾಯಿ, ಮಾರಿಲ್ಲ."

"ಅಂಗಾದ್ರೆ ಅವತ್ತು ಅವ್ನು ಏನ್ ತಿಂದ?"

ನಾನು ಸಿಂಧುವಿನ ಕಡೆ ನೋಡಿದೆ.

"ಗೊತ್ತಿಲ್ಲ ಅತ್ತೆ" ಎಂದಳು ಸಿಂಧು. "ಅಪ್ಪ ಅದ್ನ ಯೋಳ್ನಿಲ್ಲ."

ಅತ್ತೆ ಎಂದು ಅವಳು ಕರೆದದ್ದು ಅದೇ ಮೊದಲು. ಚಿಕ್ಕತಾಯಮ್ಮ ಗೋಡೆ ಹಿಡಿದು ಎದ್ದು, ಅವಳ ಹತ್ತಿರ ಹೋಗಿ, ಮಡಿಲಲ್ಲಿದ್ದ ಚೀಲವನ್ನು ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಒಲೆಗೆ ಸೌದೆ ಮುರಿಯುವ ಸದ್ದು ಬಂತು. ನಾನು ಹೊರಡಲು ಎದ್ದರೆ ಬಿಡಲಿಲ್ಲ.

ಆ ಮಧ್ಯಾಹ್ನ ನಾವೆಲ್ಲ ಸಾಲಾಗಿ ಕೂತು ಉಂಡೆವು. ಮುದ್ದೆ, ಅವರೆಕಾಳಿನ ಸಾರು. ಸಿಂಧು ಕಣ್ಣೀರು ಒರೆಸಿಕೊಳ್ಳುತ್ತಲೇ ಮುದ್ದೆ ಮುರಿದು ಅಗಿಯತೊಡಗಿದಳು. ಅದು ಹಲ್ಲಿಗೆ ಅಂಟಿಕೊಂಡಿತು. "ಮಾತ್ ಕಲ್ಸವ್ನೆ, ಮುದ್ದೆ ಉಣ್ಣಾದ್ ಕಲ್ಸಿಲ್ವಲ್ಲ" ಎಂದರು ಚಿಕ್ಕತಾಯಮ್ಮ. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ತಮ್ಮ ಕೈಯಿಂದಲೇ ಅವಳ ಬಾಯಿಗಿಟ್ಟು, "ಅಗೀಬ್ಯಾಡ ಕಣವ್ವ, ನುಂಗು. ತಾನಾಗೇ ಇಳೀತದೆ" ಎಂದರು.

ಜಮೀನಿನ ಮಾತು ಅಂದೇ ಮುಗಿಯಲಿಲ್ಲ, ಈಗಲೂ ಪೂರ್ತಿ ಮುಗಿದಿಲ್ಲ. ಅವನ ಪಾಲು ಅವನ ಮಗಳಿಗೆ ಎಂದು ಚಿಕ್ಕತಾಯಮ್ಮ ಹಟ ಹಿಡಿದಿದ್ದಾರೆ. ನನಗೆ ಬೇಡ ಎಂದು ಸಿಂಧು. ಮಹದೇವ ಹೂಂ ಎಂದೂ ಅನ್ನುವುದಿಲ್ಲ, ಊಹೂಂ ಎಂದೂ ಅನ್ನುವುದಿಲ್ಲ. ಆದರೆ ಅವಳು ರಜೆ ಸಿಕ್ಕಾಗ ಬಂದರೆ, ಹುಣಸೂರಿನ ಬಸ್‌ಸ್ಟ್ಯಾಂಡಿಗೆ ಬೈಕು ತೆಗೆದುಕೊಂಡು ಹೋಗಿ ಕರೆತರುವವನು ಅವನೇ. ವರಹ ಚಿಕ್ಕತಾಯಮ್ಮನ ಬಳಿಯೇ ಉಳಿಯಿತು. ಅದನ್ನು ಅವರು ಮತ್ತೆ ಸರಕ್ಕೆ ಸೇರಿಸಲಿಲ್ಲ.

ಅದಾದ ಮೇಲೆ ನಾನು ನಿವೃತ್ತಳಾದೆ. ಕಾಗದದ ಮೇಲೆ ಆ ವರಹಕ್ಕೆ ದರ್ಜೆ ಬರೆಯುವ ಸಂದರ್ಭ ಬರಲಿಲ್ಲ. ಬಂದಿದ್ದರೆ 'ತೀರಾ ಸವೆದದ್ದು' ಎಂದೇ ಬರೆಯಬೇಕಿತ್ತು. ಸಂಗ್ರಹ ಮಾಡುವವರು ಕೈಯಲ್ಲಿ ಮುಟ್ಟಿ ಪಕ್ಕಕ್ಕಿಡುವಂಥ ನಾಣ್ಯ ಅದು. ದರ್ಜೆ ಎನ್ನುವುದು ನಾಣ್ಯದಲ್ಲಿ ಏನು ಉಳಿದಿದೆ ಎಂದು ಹೇಳುತ್ತದೆ, ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ. ಹೊಸಬರು ದರ್ಜೆಯನ್ನು ಸರಿಯಾಗಿಯೇ ಹಾಕಿ. ಹಾಕಿದ ಮೇಲೆ ಒಂದು ಗಳಿಗೆ ಆ ನಾಣ್ಯವನ್ನು ಕೈಯಲ್ಲೇ ಇಟ್ಟುಕೊಂಡಿರಿ, ಅಷ್ಟೇ ನಾನು ಹೇಳಬಹುದಾದದ್ದು.

ಕಳೆದ ಬೇಸಿಗೆಯಲ್ಲಿ ಮಹದೇವ ಫೋನ್ ಮಾಡಿದ. "ಅವ್ವ ನಿಮ್ಮುನ್ನ ನೋಡ್ಬೇಕಂತೆ ಮೇಡಮ್" ಎಂದ. ಏನೋ ಕಾಯಿಲೆ ಇರಬೇಕೆಂದು ಗಾಬರಿಯಿಂದ ಹೋದೆ. ಚಿಕ್ಕತಾಯಮ್ಮ ಗಟ್ಟಿಯಾಗಿಯೇ ಇದ್ದರು. ಬಟ್ಟೆಯಲ್ಲಿ ಸುತ್ತಿಟ್ಟ ವರಹ ತಂದು ನನ್ನ ಅಂಗೈ ಮೇಲೆ ಇಟ್ಟರು.

"ಇನ್ನೊಂದ್ ಕಿತಾ ನೋಡಿ ಯೋಳವ್ವ. ಆವತ್ತು ಅಷ್ಟೆಲ್ಲಾ ಯೋಳುದ್ರಲ್ಲ. ಅವುಂದು ಇನ್ನೇನಾರ ಅದ್ರಲ್ಲಿ ಕಾಣ್ತದಾ?"

ಜಗಲಿಯಲ್ಲಿ ಬಿಸಿಲಿಗೆ ಎದುರಾಗಿ ಕೂತು ಲೆನ್ಸ್ ತೆಗೆದೆ. ಅಂಚು, ಅಕ್ಷರ, ದೇವರಿದ್ದ ಜಾಗ ಎಲ್ಲವನ್ನೂ ನಿಧಾನವಾಗಿ ನೋಡಿದೆ. ಹೊಸದಾಗಿ ಏನೂ ಕಾಣಲಿಲ್ಲ. ಏನಾದರೊಂದು ಹೇಳಿಬಿಡೋಣ ಎಂದು ಮನಸ್ಸು ಬಹಳ ಎಳೆಯಿತು. ಆದರೆ ಹೇಳಲಿಲ್ಲ.

"ಇಲ್ಲ ತಾಯಿ. ಅವತ್ತು ಹೇಳಿದ್ದಷ್ಟೇ."

"ಓಗ್ಲಿ ಬುಡಿ" ಎಂದರು. ನನ್ನ ಪಕ್ಕಕ್ಕೆ ಸರಿದು ಕೂತು, "ಅದ್ನ ಎಂಗ್ ಇಡ್ಕಬೇಕು, ನಂಗೂ ತೋರುಸ್ಕೊಡಿ" ಎಂದು ಲೆನ್ಸಿಗೆ ಕೈ ಚಾಚಿದರು. ಕಣ್ಣಿಗೆ ಎಷ್ಟು ಹತ್ತಿರ, ನಾಣ್ಯದಿಂದ ಎಷ್ಟು ದೂರ ಎಂದು ತೋರಿಸಿಕೊಟ್ಟೆ. ಒಂದು ಕಣ್ಣು ಮುಚ್ಚಿ, ಆ ನುಣ್ಣನೆಯ ಚಿನ್ನವನ್ನು ಓರೆ ಮಾಡಿ ನೋಡತೊಡಗಿದರು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಅವರೂ ಎದ್ದು ಬಿಸಿಲಿನ ಹಿಂದೆ ಅಂಗಳಕ್ಕೆ ಹೋಗಿ ನಿಂತು ನೋಡುತ್ತಲೇ ಇದ್ದರು.